ಓದಿ ಜಗಳವಾಡಿದವರು

ಪಿ. ಲಂಕೇಶ್ ತೀರಿಕೊಂಡದ್ದು 2000ದ ಜನವರಿ 25ರಂದು. ಕಾಲು ಶತಮಾನ ಕಳೆದಿದೆ. ಆದರೂ ಅವರ ಪುಸ್ತಕದ ಮಾತು ಬಂದಾಗ ಪುಸ್ತಕದ ಬಗ್ಗೆ ಮಾತಾಡುವವರು ಕಡಿಮೆ, ಲಂಕೇಶರ ಬಗ್ಗೆ ಮಾತಾಡುವವರೇ ಹೆಚ್ಚು. ಅವರ ಅಂಕಣಗಳ ಸಂಗ್ರಹ ‘ಟೀಕೆ-ಟಿಪ್ಪಣಿ’ ಹೇಗಿದೆ ಎಂದು ಕೇಳಿ ನೋಡಿ. ‘ಮೇಷ್ಟ್ರು ಇದ್ದಿದ್ದರೆ ಇವತ್ತಿನ ರಾಜಕಾರಣಿಗಳು ಹೀಗೆ ಮೆರೆಯುತ್ತಿರಲಿಲ್ಲ’ ಎಂದು ಒಬ್ಬರು ಹೇಳುತ್ತಾರೆ. ‘ಎಷ್ಟು ಜನರ ಮನಸ್ಸು ನೋಯಿಸಿದ ಮನುಷ್ಯ’ ಎಂದು ಇನ್ನೊಬ್ಬರು. ಕೇಳಿದ್ದು ಪುಸ್ತಕದ ವಿಷಯ, ಬಂದದ್ದು ಮನುಷ್ಯನ ವಿಷಯ. ಪುಸ್ತಕದಂಗಡಿಗಳಲ್ಲಿ, ಸಾಹಿತ್ಯ ಶಿಬಿರಗಳಲ್ಲಿ, ನೆಂಟರ ಮನೆಗಳಲ್ಲಿ ಎಷ್ಟೋ ವರ್ಷಗಳಿಂದ ಈ ಮಾತುಗಳನ್ನು ಕೇಳುತ್ತಲೇ ಬಂದಿದ್ದೇನೆ. ಅವುಗಳಲ್ಲಿ ಯಾವುದು ಓದಿನಿಂದ ಹುಟ್ಟಿದ್ದು, ಯಾವುದು ನೆನಪಿನಿಂದ, ಯಾವುದು ಸಿಟ್ಟಿನಿಂದ ಎಂದು ಬಿಡಿಸಿ ನೋಡಬೇಕೆಂದು ಬಹಳ ದಿನಗಳಿಂದ ಅನಿಸಿತ್ತು.

ಮೊದಲು ಪತ್ರಿಕೆಯ ಕಥೆ. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟ್ರಾಗಿ, ಕಥೆ, ಕವನ, ನಾಟಕ ಬರೆದು, ‘ಸಂಸ್ಕಾರ’ ಸಿನಿಮಾದಲ್ಲಿ ನಾರಣಪ್ಪನಾಗಿ, ‘ಪಲ್ಲವಿ’ಯ ನಿರ್ದೇಶಕರಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆದ ಮೇಲೆ ಲಂಕೇಶರು ‘ಲಂಕೇಶ್ ಪತ್ರಿಕೆ’ ಶುರು ಮಾಡಿದರು. ಮೊದಲ ಸಂಚಿಕೆ ಬಂದದ್ದು 1980ರ ಜುಲೈ 6ರಂದು. ಅದೇ ತಿಂಗಳಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. ದಲಿತ ಚಳವಳಿ, ರೈತ ಚಳವಳಿ, ಸ್ವಲ್ಪ ತಡೆದು ಗೋಕಾಕ್ ಚಳವಳಿ ಎಲ್ಲ ಒಟ್ಟಿಗೆ ಕಾವೇರಿದ ಕಾಲ. ಜಾಹೀರಾತಿಲ್ಲದೆ, ಬರೀ ಮಾರಾಟದ ದುಡ್ಡಿನಲ್ಲಿ ನಡೆಯುವ ಕಪ್ಪು-ಬಿಳುಪು ಟ್ಯಾಬ್ಲಾಯ್ಡ್ ಒಂದು ಮುಖ್ಯಮಂತ್ರಿ ಗುಂಡೂರಾವ್ ಅವರನ್ನು ‘ಗುಂ’ ಎಂದು ಕರೆಯಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ, ಆ ಸೋಲಿನಲ್ಲಿ ಪತ್ರಿಕೆಯ ಪಾಲೂ ಇದೆ ಎಂದು ನಂಬಿದವರು ಊರೂರಲ್ಲಿ ಇದ್ದರು. ಮುಂದೆ ಹೆಗಡೆಯವರನ್ನೂ ಪತ್ರಿಕೆ ಬಿಡಲಿಲ್ಲ. ಆಗ ಮೊದಲು ಚಪ್ಪಾಳೆ ತಟ್ಟಿದವರಲ್ಲೇ ಕೆಲವರು ಮುನಿಸಿಕೊಂಡರು. ಎಂಬತ್ತರ ದಶಕದ ಕೊನೆಯಲ್ಲಿ ಲಂಕೇಶರು ‘ಪ್ರಗತಿರಂಗ’ ಎಂಬ ಪಕ್ಷ ಕಟ್ಟಿದಾಗ ಇನ್ನಷ್ಟು ಜನ ಹಿಂದೆ ಸರಿದರು. ಟೀಕಿಸುವವನೇ ಕಣಕ್ಕೆ ಇಳಿದರೆ ಅವನ ಟೀಕೆಯನ್ನು ಹೇಗೆ ನಂಬುವುದು ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರವನ್ನು ನಾನು ಇವತ್ತಿಗೂ ಕೇಳಿಲ್ಲ.

ಆ ಪತ್ರಿಕೆಯ ಸಂಪಾದಕೀಯದಂಥ ಅಂಕಣವೇ ‘ಟೀಕೆ-ಟಿಪ್ಪಣಿ’. ಅದು ಆಮೇಲೆ ಸಂಪುಟಗಳಾಗಿ ಬಂತು. ಅದರ ಬಗ್ಗೆ ಅಭಿಪ್ರಾಯ ಹೇಳುವವರಲ್ಲಿ ಅತಿ ದೊಡ್ಡ ಗುಂಪು ವಾರವಾರ ಓದಿದವರದು. ಇವರದೊಂದು ದೂರು ನನಗೆ ಮುಖ್ಯವಾಗಿ ಕಾಣುತ್ತದೆ: ಪುಸ್ತಕದಲ್ಲಿ ಆ ಖಾರ ಇಲ್ಲ. ಅಕ್ಷರ ಒಂದೂ ಬದಲಾಗಿರುವುದಿಲ್ಲ, ಆದರೂ ಖಾರ ಇಲ್ಲ. ಯಾಕೆಂದರೆ ವಾರಪತ್ರಿಕೆಯ ಓದುಗನಿಗೆ ಲೇಖನ ಒಂಟಿಯಾಗಿ ಸಿಗುತ್ತಿರಲಿಲ್ಲ. ಕ್ಷೌರದಂಗಡಿಯ ಬೆಂಚಿನ ಮೇಲೆ, ಹತ್ತು ಕೈ ದಾಟಿ ಮಡಿಕೆ ಹರಿದ ಆ ಹಾಳೆಗಳಲ್ಲಿ ಸಂಪಾದಕರ ಟಿಪ್ಪಣಿಯ ಪಕ್ಕದಲ್ಲಿ ಮಂತ್ರಿಯೊಬ್ಬರ ಹಗರಣದ ವರದಿ ಇರುತ್ತಿತ್ತು, ಬಿ. ಚಂದ್ರೇಗೌಡರ ‘ಕಟ್ಟೆ ಪುರಾಣ’ ಇರುತ್ತಿತ್ತು, ಎಲ್ಲೋ ಮೂಲೆಯಲ್ಲಿ ನಾಲ್ಕು ಸಾಲಿನ ಕವಿತೆಯಾಗಿ ನೀಲು ಇರುತ್ತಿದ್ದಳು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಇದೇ ಪತ್ರಿಕೆಯಲ್ಲಿ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪಡೆದ ಬಾನು ಮುಷ್ತಾಕ್ ವರದಿಗಾರ್ತಿಯಾಗಿ ದುಡಿದದ್ದೂ ಇಲ್ಲೇ. ಹಗರಣ ಓದಲು ಕೈಗೆತ್ತಿಕೊಂಡವನು ಕಥೆ ಓದಿ ಕೆಳಗಿಡುತ್ತಿದ್ದ. ‘ಜಾಣ ಜಾಣೆಯರ ಪತ್ರಿಕೆ’ ಎಂದು ತನ್ನನ್ನು ಕರೆದುಕೊಂಡ ವಾರಪತ್ರಿಕೆ ತನ್ನ ಓದುಗರನ್ನು ತಾನೇ ತಯಾರು ಮಾಡಿಕೊಂಡಿತು. ಆ ಸಹವಾಸದಿಂದ ಒಂದು ಅಂಕಣವನ್ನು ಮಾತ್ರ ಕಿತ್ತು ಹೊಲಿದು ರಟ್ಟು ಹಾಕಿದರೆ ಹಳೆಯ ಓದುಗನಿಗೆ ಏನೋ ಕಳೆದುಹೋದಂತೆ ಆಗುವುದು ಸಹಜ.

ಹೊಸ ಓದುಗರ ಕಷ್ಟ ಬೇರೆ. ಈಗ ಪದವಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಗುಂಡೂರಾವ್ ಯಾರು ಎಂದು ಹೇಳಬೇಕು, ಹೆಗಡೆ ಯಾರು, ದೇವೇಗೌಡರು ಆಗ ಎಲ್ಲಿದ್ದರು ಎಂದು ಹೇಳಬೇಕು. ಹೇಳದಿದ್ದರೆ ಆ ಲೇಖನಗಳಲ್ಲಿ ಅವರಿಗೆ ಉಳಿಯುವುದು ಬರೀ ಗದ್ಯದ ಬೀಸು. ಬೀಸು ಚೆನ್ನಾಗಿದೆ ಎಂದು ಅವರು ಹೇಳುತ್ತಾರೆ, ನಿಜವಾಗಿಯೂ ಚೆನ್ನಾಗಿದೆ. ಚಿಕ್ಕ ವಾಕ್ಯ, ಆಡುಮಾತಿನ ಪೆಟ್ಟು, ಒಂದು ಪ್ಯಾರಾದಲ್ಲಿ ವಿಧಾನಸೌಧ, ಮುಂದಿನ ಪ್ಯಾರಾದಲ್ಲಿ ಹಳ್ಳಿಯ ಮಳೆ. ಆದರೆ ಬೀಸಿದ ಚಾಟಿ ಯಾರ ಬೆನ್ನ ಮೇಲೆ ಬಿತ್ತು, ಆ ಬೆನ್ನಿಗೆ ಅದು ತಕ್ಕದ್ದಾಗಿತ್ತೇ ಎಂದು ಗೊತ್ತಿಲ್ಲದೆ ಚಾಟಿಯ ಅಂದವನ್ನು ಹೊಗಳುವುದು ರಾಜಕೀಯ ಬರಹದ ಓದಲ್ಲ. ಇದಕ್ಕೆ ಆ ಮಕ್ಕಳನ್ನು ದೂರಲಾರೆ. ಅವರಿಗೆ ಬೇಕಾದ ಟಿಪ್ಪಣಿಯನ್ನು ನಾವು ಹಿರಿಯರು ಬರೆದುಕೊಟ್ಟಿಲ್ಲ.

ಸಾಹಿತ್ಯದ ಒಡನಾಟ ಇರುವವರಲ್ಲಿ ಒಂದು ಮಾತು ತೀರಾ ಹಳೆಯದು: ಪತ್ರಿಕೆ ಲಂಕೇಶರೊಳಗಿನ ಲೇಖಕನನ್ನು ತಿಂದುಹಾಕಿತು. ಇದನ್ನು ಒಪ್ಪಲು ನನಗೆ ಆಗುವುದಿಲ್ಲ. ‘ಕಲ್ಲು ಕರಗುವ ಸಮಯ’ದ ಕಥೆಗಳು ಪತ್ರಿಕೆಯ ದಿನಗಳವು, ಆ ಸಂಕಲನಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ಗುಣಮುಖ’ ನಾಟಕ ಆ ದಿನಗಳದು, ನೀಲು ಆ ದಿನಗಳವಳು. ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಓದುಗನಿಗೆ ಬರೆಯಲೇಬೇಕಾದ ಒತ್ತಡದಲ್ಲಿ ಅವರ ಗದ್ಯ ನವ್ಯದ ಬಿಗಿಯನ್ನು ಬಿಟ್ಟುಕೊಟ್ಟು ಹಗುರಾಯಿತು ಎಂದು ನನಗೆ ಅನಿಸುತ್ತದೆ. ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇರುವವರು ಅವರ ಮೊದಲ ಕಥಾಸಂಕಲನ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ಯನ್ನೂ ‘ಕಲ್ಲು ಕರಗುವ ಸಮಯ’ವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ ನೋಡಲಿ.

ನೊಂದವರ ಅಭಿಪ್ರಾಯ ಮಾತ್ರ ಅಷ್ಟು ಸುಲಭವಾಗಿ ಬದಿಗಿಡುವಂಥದ್ದಲ್ಲ. ಅಡ್ಡಹೆಸರು ಇಟ್ಟು ಕರೆಯುವುದು, ಜಾತಿ ಹಿಡಿದು ಮಾತಾಡುವುದು, ರಾಜಕಾರಣದ ತಪ್ಪಿಗೆ ಮನೆಯೊಳಗಿನ ವಿಷಯವನ್ನು ಎಳೆದು ತರುವುದು, ಜೊತೆಗಿದ್ದ ಸಾಹಿತಿಗಳನ್ನೇ ಒಂದು ವಾರ ಹೊಗಳಿ ಇನ್ನೊಂದು ವಾರ ತೆಗಳುವುದು. ಇವು ಪತ್ರಿಕೆಯ ಮೇಲೆ ಅಂದೂ ಇದ್ದ ಆಕ್ಷೇಪಗಳು, ಅಭಿಮಾನಿಗಳ ಉತ್ತರವೂ ಅಂದಿನಿಂದ ಒಂದೇ: ‘ಅಧಿಕಾರದಲ್ಲಿ ಇದ್ದವರಿಗೆ ಅಷ್ಟು ಬೇಕಿತ್ತು.’ ಅಧಿಕಾರದಲ್ಲಿ ಇದ್ದವರ ಮಟ್ಟಿಗೆ ಇದನ್ನು ಒಪ್ಪೋಣ. ಆದರೆ ಅವರ ಹೆಂಡತಿ ಮಕ್ಕಳು, ತಾಲ್ಲೂಕು ಕಚೇರಿಯ ಗುಮಾಸ್ತ, ಯಾರದೋ ಮಾತು ನಂಬಿ ಬರೆದ ವರದಿಯಲ್ಲಿ ಹೆಸರು ಬಂದ ಸಣ್ಣ ಊರಿನ ಮನುಷ್ಯ? ಟ್ಯಾಬ್ಲಾಯ್ಡ್ ಎಂಬ ಪ್ರಕಾರವೇ ಇಂಥವರನ್ನು ಸವೆಸಿ ಬೆಳೆಯುತ್ತದೆ. ಲಂಕೇಶರ ದಾರಿಯಲ್ಲೇ ಕನ್ನಡದಲ್ಲಿ ಆಮೇಲೆ ಎಷ್ಟೋ ಟ್ಯಾಬ್ಲಾಯ್ಡ್‌ಗಳು ಬಂದವು, 1995ರಲ್ಲಿ ಶುರುವಾದ ರವಿ ಬೆಳಗೆರೆಯವರ ‘ಹಾಯ್ ಬೆಂಗಳೂರು’ ಅವುಗಳಲ್ಲಿ ಹೆಸರುವಾಸಿ. ಒಂದೊಂದರ ದಾರಿ ಒಂದೊಂದು. ಆದರೆ ‘ಪತ್ರಿಕೆಯವರು ಏನು ಬೇಕಾದರೂ ಬರೆಯುತ್ತಾರೆ’ ಎಂಬ ಭಯ ಜನರಲ್ಲಿ ಬೇರೂರಿತು. ನೊಂದವರು ಪುಸ್ತಕ ಕೊಳ್ಳುವುದಿಲ್ಲ, ಸಾಹಿತ್ಯ ಗೋಷ್ಠಿಗೆ ಬರುವುದಿಲ್ಲ. ಹೀಗಾಗಿ ಲಂಕೇಶರ ಬಗ್ಗೆ ನಮಗೆ ಕೇಳಿಸುವ ಓದುಗರ ದನಿಯಲ್ಲಿ ಅವರ ದನಿ ಇರುವುದೇ ಇಲ್ಲ.

ಆತ್ಮಕಥೆ ‘ಹುಳಿಮಾವಿನ ಮರ’ ಬಂದ ಮೇಲೆ ಒಂದು ವಿಚಿತ್ರ ನಡೆಯಿತು. ರಾಜಕೀಯ ಲಂಕೇಶರನ್ನು ಸಹಿಸದವರೂ ಅದನ್ನು ಓದಿದರು. ಕೊನಗವಳ್ಳಿಯ ಬಾಲ್ಯ, ಅವ್ವ, ತಮ್ಮ ಸಣ್ಣತನಗಳನ್ನು ಮುಚ್ಚಿಡದೆ ಹೇಳಿಕೊಳ್ಳುವ ರೀತಿ ಅವರನ್ನು ಹಿಡಿದು ನಿಲ್ಲಿಸಿತು. ಬೇರೆಯವರ ಬಗ್ಗೆ ಅಷ್ಟು ಕಟುವಾಗಿ ಬರೆದವರು ತಮ್ಮನ್ನೂ ಬಿಟ್ಟಿಲ್ಲ ಎಂಬುದು ಎದುರಾಳಿಗೂ ಮುಟ್ಟುವ ಗುಣ. ಆ ಪುಸ್ತಕಕ್ಕೆ ಒಂದು ಜೋಡಿ ಇದೆ. ಲಂಕೇಶರ ಪತ್ನಿ ಇಂದಿರಾ ಲಂಕೇಶ್ ತಮ್ಮ ನೆನಪುಗಳನ್ನು ಬರೆದಾಗ ಇಟ್ಟ ಹೆಸರು ‘ಹುಳಿಮಾವು ಮತ್ತು ನಾನು’. ಗಂಡನ ಶೀರ್ಷಿಕೆಯನ್ನೇ ಎತ್ತಿಕೊಂಡು ಅದರ ಪಕ್ಕದಲ್ಲಿ ‘ನಾನು’ ಎಂದು ಬರೆದ ಆ ಹೆಂಗಸು ಸೀರೆ ವ್ಯಾಪಾರ ಮಾಡಿ ಮನೆ ನಿಭಾಯಿಸಿದವರು. ನನಗೆ ಗೊತ್ತಿರುವ ಓದುಗಿಯರಲ್ಲಿ ಹೆಚ್ಚಿನವರು ಈ ಎರಡನೆಯ ಪುಸ್ತಕವನ್ನೇ ಮೇಲಿಡುತ್ತಾರೆ. ಒಬ್ಬ ಅಕ್ಕ ಹೇಳಿದ್ದು: ‘ಅವರದನ್ನು ಓದಿದಾಗ ಅವರು ಎಂಥ ದೊಡ್ಡ ಮನುಷ್ಯ ಅನ್ನಿಸ್ತು. ಇವರದನ್ನು ಓದಿದ ಮೇಲೆ ಆ ದೊಡ್ಡತನಕ್ಕೆ ಒಲೆ ಯಾರು ಹಚ್ಚಿದ್ದು ಅಂತ ಗೊತ್ತಾಯ್ತು.’ ಲಂಕೇಶರ ಬಗ್ಗೆ ಬಂದ ಪುಸ್ತಕಗಳಲ್ಲಿ ಶಿಷ್ಯರು, ಗೆಳೆಯರು ಬರೆದ ನೆನಪುಗಳು ಬೇಕಾದಷ್ಟಿವೆ. ಅವುಗಳಲ್ಲಿ ಭಕ್ತಿ ಜಾಸ್ತಿ. ಈ ಒಂದು ಪುಸ್ತಕದಲ್ಲಿ ಪ್ರೀತಿಯೂ ಇದೆ, ಲೆಕ್ಕವೂ ಇದೆ.

ಲಂಕೇಶರ ಮಗಳ ಪುಸ್ತಕಗಳ ವಿಷಯಕ್ಕೆ ಬಂದರೆ ಕೈ ಸ್ವಲ್ಪ ನಡುಗುತ್ತದೆ. ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಬರೆದದ್ದಕ್ಕೆ ಉತ್ತರವನ್ನು ಬರೆದು ಕೊಡಬೇಕು. ಗುಂಡು ಹೊಡೆದವರು ಓದುಗರ ಸಾಲಿನಲ್ಲಿ ನಿಲ್ಲುವವರಲ್ಲ, ಅವರ ಪರ ಸಮಜಾಯಿಷಿ ಹೇಳುವ ಯಾವ ಮಾತನ್ನೂ ನಾನು ‘ಅಭಿಪ್ರಾಯ’ ಎಂದು ಎಣಿಸುವುದಿಲ್ಲ. ಇದನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ.

1962ರಲ್ಲಿ ಹುಟ್ಟಿದ ಗೌರಿ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ವರ್ಷಗಟ್ಟಲೆ ದುಡಿದು, ಅಪ್ಪ ತೀರಿಕೊಂಡ ಮೇಲೆ, ಮೂವತ್ತೆಂಟನೆಯ ವಯಸ್ಸಿನಲ್ಲಿ ಕನ್ನಡ ವಾರಪತ್ರಿಕೆಯ ಸಂಪಾದಕಿಯಾದವರು. 2005ರಲ್ಲಿ ಅದರಿಂದ ಬೇರೆಯಾಗಿ ‘ಗೌರಿ ಲಂಕೇಶ್ ಪತ್ರಿಕೆ’ ನಡೆಸಿದರು. ಅವರ ‘ಕಂಡ ಹಾಗೆ’ ಅಂಕಣ ಕನ್ನಡದಲ್ಲಿ ಸಂಪುಟಗಳಾಗಿ ಬಂದಿದೆ. ಸಾವಿನ ನಂತರ, 2017ರಲ್ಲೇ, ಚಂದನ್ ಗೌಡ ಅವರು ಸಂಪಾದಿಸಿದ ‘ದಿ ವೇ ಐ ಸೀ ಇಟ್’ ಎಂಬ ಇಂಗ್ಲಿಷ್ ಆಯ್ಕೆ ಬಂತು. 2018ರಲ್ಲಿ ಗೌರಿಯವರ ಮಾಜಿ ಪತಿ, ಪತ್ರಕರ್ತ ಚಿದಾನಂದ ರಾಜಘಟ್ಟ ‘ಇಲ್ಲಿಬರಲ್ ಇಂಡಿಯಾ’ ಬರೆದರು. 2024ರಲ್ಲಿ ಅಮೆರಿಕದ ರೋಲೊ ರೋಮಿಗ್ ಅವರ ‘ಐ ಆ್ಯಮ್ ಆನ್ ದಿ ಹಿಟ್ ಲಿಸ್ಟ್’ ಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ನಿಂತಿತು.

ಇಲ್ಲಿ ಓದುಗರು ಎರಡು ಭಾಷೆಗಳಲ್ಲಿ ಒಡೆದುಹೋಗಿದ್ದಾರೆ. ಇಂಗ್ಲಿಷಿನಲ್ಲಿ ಓದಿದವರು ಗೌರಿಯನ್ನು ಕೊಲೆಯಿಂದ ಹಿಂದಕ್ಕೆ ಓದುತ್ತಾರೆ. ಅವರ ಕೈಗೆ ಪುಸ್ತಕ ಬರುವ ಹೊತ್ತಿಗೆ ಆಕೆ ಹುತಾತ್ಮೆ. ಪ್ರತಿ ಪುಟದ ಮೇಲೂ ಆ ರಾತ್ರಿಯ ನೆರಳು. ಕನ್ನಡದಲ್ಲಿ ಓದಿದವರಿಗೆ ಆಕೆ ಸಾಲ ಮಾಡಿ ಪತ್ರಿಕೆ ನಡೆಸಿದ, ಬಾಬಾಬುಡನ್‌ಗಿರಿಯ ವಿವಾದದಲ್ಲಿ ಕೋಮು ಸೌಹಾರ್ದ ವೇದಿಕೆಯ ಜೊತೆ ಬೀದಿಗಿಳಿದ, ಕಾಡಿನಲ್ಲಿದ್ದ ನಕ್ಸಲರನ್ನು ನಾಡಿಗೆ ಕರೆತರಲು ಓಡಾಡಿದ, ಎಲ್ಲರೊಡನೆ ಜಗಳವಾಡಿ ಎಲ್ಲರನ್ನೂ ‘ಮಗು’ ಎಂದು ಕರೆದ ಹೆಂಗಸು. ಕನ್ನಡದ ಓದುಗರಲ್ಲಿ ಒಂದು ಅತೃಪ್ತಿಯನ್ನೂ ಕೇಳಿದ್ದೇನೆ: ಅಪ್ಪನ ಗದ್ಯದ ಹದ ಮಗಳಲ್ಲಿ ಇಲ್ಲ, ಘೋಷಣೆ ಜಾಸ್ತಿ. ಅದರಲ್ಲಿ ಸತ್ಯಾಂಶ ಇದೆ. ಆದರೆ ಹೀಗೆ ಹೇಳುವವರು ಆಕೆ ನಡುವಯಸ್ಸಿನಲ್ಲಿ ಕನ್ನಡ ಬರೆಯಲು ಕಲಿತ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ವರ್ಷಗಳ ಅಂಕಣದಿಂದ ಕೊನೆಯ ವರ್ಷಗಳ ಅಂಕಣದವರೆಗೆ ಒಂದೊಂದಾಗಿ ಓದಿದರೆ ಭಾಷೆ ಹೇಗೆ ಕೈಗೆ ಒಗ್ಗುತ್ತ ಹೋಯಿತು ಎಂದು ಕಾಣಿಸುತ್ತದೆ. ನನಗೆ ಆ ಸಂಪುಟಗಳಲ್ಲಿ ಅತಿ ಹೆಚ್ಚು ಇಷ್ಟವಾಗುವುದು ಆ ಬೆಳವಣಿಗೆ.

2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಮಾನಹಾನಿ ಮೊಕದ್ದಮೆಯಲ್ಲಿ ಗೌರಿಯವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು, ಅವರು ಜಾಮೀನು ಪಡೆದರು. ವಿರೋಧಿಗಳು ಇದೊಂದನ್ನೇ ಹಿಡಿದು ಇಡೀ ಬರವಣಿಗೆಯನ್ನು ತಳ್ಳಿಹಾಕುತ್ತಾರೆ, ಅಭಿಮಾನಿಗಳು ಮಾತು ಬದಲಿಸುತ್ತಾರೆ. ಎರಡೂ ಆಕೆಗೆ ಮಾಡುವ ಅನ್ಯಾಯ. ಕೊನೆಯ ದಿನಗಳಲ್ಲಿ, ಸುಳ್ಳು ಪೋಸ್ಟುಗಳನ್ನು ಹಂಚುವ ತಪ್ಪು ನಮ್ಮವರಿಂದಲೂ ಆಗುತ್ತದೆ, ಒಬ್ಬರನ್ನೊಬ್ಬರು ಎಚ್ಚರಿಸೋಣ ಎಂದು ಗೌರಿಯೇ ಸಾರ್ವಜನಿಕವಾಗಿ ಬರೆದಿದ್ದರು. ಆಕೆಯ ಪತ್ರಿಕೆಯಲ್ಲಿ ಸಾವಿನ ನಂತರ ಅಚ್ಚಾದ ಕೊನೆಯ ಸಂಪಾದಕೀಯದ ವಿಷಯವೂ ಸುಳ್ಳುಸುದ್ದಿಯೇ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯ ಆಕೆಗಿದ್ದಾಗ ಅಭಿಮಾನಿಗಳಿಗೆ ಯಾಕೆ ಇರಬಾರದು?

ಒಂದು ಮಾತನ್ನು ನಮ್ಮ ಪ್ರಕಾಶಕರ ಮುಂದೆ, ಸಂಪಾದಕರ ಮುಂದೆ ಇಡಬೇಕಾಗಿದೆ. ನಾನು ಓದಿರುವ ಕನ್ನಡದ ಅಂಕಣ ಸಂಗ್ರಹಗಳಲ್ಲಿ ಅಂಕಣಕಾರರು ಮಾತ್ರ ಮಾತಾಡುತ್ತಾರೆ. ಆ ವಾರ ಬಂದ ಆಕ್ಷೇಪದ ಪತ್ರ ಇಲ್ಲ, ನೊಂದವರ ಸ್ಪಷ್ಟೀಕರಣ ಇಲ್ಲ. ವಾರದ ಜಗಳದಲ್ಲಿ ಇಬ್ಬರಿದ್ದರು, ಪುಸ್ತಕದಲ್ಲಿ ಒಬ್ಬರೇ ಉಳಿದರು. ಆದ್ದರಿಂದ ಮುಂದಿನ ತಲೆಮಾರಿನವರಿಗೆ ಎರಡೇ ದಾರಿ, ಪೂರ್ತಿ ನಂಬುವುದು ಇಲ್ಲವೇ ಪೂರ್ತಿ ಬಿಡುವುದು. ತೂಗಿ ನೋಡಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ನಾವು ಏನನ್ನೂ ಇಟ್ಟಿಲ್ಲ.

ಹೀಗೇ ಆಗಬೇಕೆಂದೇನೂ ಇಲ್ಲ. ಅಂಬೇಡ್ಕರ್ ಅವರು ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕೆಂದು ಬರೆದ ಭಾಷಣವನ್ನು ಮಂಡಲದವರು ಒಪ್ಪದೆ ಸಮ್ಮೇಳನವೇ ರದ್ದಾದಾಗ, 1936ರಲ್ಲಿ ಅದನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನಮಗೆ ‘ಜಾತಿ ವಿನಾಶ’ ಎಂದು ಪರಿಚಿತವಾದ ಪುಸ್ತಕ ಅದು. ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಅದನ್ನು ವಿಮರ್ಶಿಸಿ ಬರೆದರು. ಮರುವರ್ಷ ಎರಡನೆಯ ಮುದ್ರಣ ಬಂದಾಗ ಅಂಬೇಡ್ಕರ್ ಗಾಂಧೀಜಿಯ ಆ ವಿಮರ್ಶೆಯನ್ನು ತಮ್ಮ ಪುಸ್ತಕದಲ್ಲೇ ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರವನ್ನೂ ಹಾಕಿದರು. ಮಂಡಲದವರೊಡನೆ ನಡೆದ ಪತ್ರವ್ಯವಹಾರವೂ ಅಲ್ಲೇ ಇದೆ. ತಮ್ಮ ವಾದದಲ್ಲಿ ನಂಬಿಕೆ ಇದ್ದವರು ಎದುರಾಳಿಯನ್ನು ತಮ್ಮ ಮನೆಯೊಳಗೇ ಕರೆದು ಕೂರಿಸುತ್ತಾರೆ. ಇವತ್ತಿಗೂ ಆ ಪುಸ್ತಕ ಓದುವವರು ಯಾರದೋ ಬಾಯಿಮಾತು ಕೇಳಿ ತೀರ್ಮಾನಿಸಬೇಕಾಗಿಲ್ಲ, ಇಬ್ಬರನ್ನೂ ಓದಿ ತಾವೇ ನಿರ್ಧರಿಸಬಹುದು. ಇಂಗ್ಲೆಂಡಿನ ಜಾರ್ಜ್ ಆರ್ವೆಲ್ ‘ಟ್ರಿಬ್ಯೂನ್’ ವಾರಪತ್ರಿಕೆಗೆ ಬರೆದ ಅಂಕಣಗಳಿಗೂ ಇಂಥದೇ ಭಾಗ್ಯ ಸಿಕ್ಕಿತು. ಪೀಟರ್ ಡೇವಿಸನ್ 1998ರಲ್ಲಿ ಹೊರತಂದ ಇಪ್ಪತ್ತು ಸಂಪುಟಗಳಲ್ಲಿ ಆ ಅಂಕಣಗಳನ್ನು ಓದಿ ಸಿಟ್ಟಾದವರ ಪತ್ರಗಳೂ ಇವೆ.

ಲಂಕೇಶರ ‘ಟೀಕೆ-ಟಿಪ್ಪಣಿ’ಗೆ ಇಂಥ ಒಂದು ಆವೃತ್ತಿ ಬರಬೇಕು. ಪ್ರತಿ ಲೇಖನದ ಕೆಳಗೆ ತಾರೀಖು, ಆಗ ಯಾರು ಯಾವ ಹುದ್ದೆಯಲ್ಲಿದ್ದರು ಎಂಬ ಎರಡು ಸಾಲು, ಆ ಬರಹಕ್ಕೆ ಬಂದ ಒಳ್ಳೆಯ ಪತ್ರ, ಕೆಟ್ಟ ಪತ್ರ, ಆಮೇಲೆ ತಪ್ಪೆಂದು ಗೊತ್ತಾದದ್ದು ಇದ್ದರೆ ಅದೂ. ಗೌರಿಯವರ ಸಂಪುಟಗಳಿಗೂ ಅಷ್ಟೇ. ಹಳೆಯ ಸಂಚಿಕೆಗಳನ್ನು ಅಟ್ಟದಲ್ಲಿ ಕಟ್ಟಿಟ್ಟವರು ಇನ್ನೂ ಇದ್ದಾರೆ, ಹೆಸರುಗಳನ್ನು ಗುರುತಿಸಬಲ್ಲ ಹಿರಿಯರೂ ಇದ್ದಾರೆ. ಅವರಿಗೆ ವಯಸ್ಸಾಗುತ್ತಿದೆ, ಕಾಗದಕ್ಕೂ ವಯಸ್ಸಾಗುತ್ತಿದೆ.

ಅಂಥ ಆವೃತ್ತಿಯ ಒಂದೇ ಒಂದು ಪ್ರತಿಯನ್ನು ನಾನು ನೋಡಿದ್ದೇನೆ. ನನ್ನ ಸೋದರಮಾವ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವರು, ಸಾಯುವವರೆಗೂ ಕಾಂಗ್ರೆಸ್ಸಿಗೇ ಓಟು ಹಾಕಿದವರು. ಎಂಬತ್ತರ ದಶಕದಲ್ಲಿ ನಾನು ಮನೆಗೆ ‘ಲಂಕೇಶ್ ಪತ್ರಿಕೆ’ ತಂದರೆ ‘ಆ ಕೊಳಕನ್ನ ಒಳಗೆ ತರಬೇಡವೋ’ ಎಂದು ಗದರಿಸಿ ಜಗಲಿಯ ಮೇಲೆ ಇಡಿಸುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಜಗಲಿಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಅವರು ಹೋದ ಮೇಲೆ ಅವರ ಕಪಾಟಿನಲ್ಲಿ ‘ಟೀಕೆ-ಟಿಪ್ಪಣಿ’ಯ ಒಂದು ಸಂಪುಟ ಸಿಕ್ಕಿತು. ಕಂದು ಕಾಗದದ ಹೊದಿಕೆ ಹಾಕಿ, ಮೇಲೆ ಹೆಸರು ಬರೆಯದೆ ಇಟ್ಟಿದ್ದರು. ತೆರೆದರೆ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನ ಸಣ್ಣ, ದುಂಡು ಅಕ್ಷರ. ಬಂದ ಹೆಸರುಗಳ ಪಕ್ಕದಲ್ಲಿ ಆ ಮನುಷ್ಯ ಯಾವ ಕ್ಷೇತ್ರದವನು, ಯಾವ ವರ್ಷ ಗೆದ್ದ, ಯಾವ ವರ್ಷ ಸೋತ. ಕೆಲವು ಕಡೆ ‘ಸುಳ್ಳು’, ಅದರ ಕೆಳಗೆ ಯಾಕೆ ಸುಳ್ಳು ಎಂದು ನಾಲ್ಕು ಸಾಲು. ಒಂದು ಕಡೆ ‘ಸುಳ್ಳು’ ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ, ‘ವಿಚಾರಿಸಿದೆ. ನಿಜ’ ಎಂದು ಬರೆದಿದ್ದರು. ಕೊನೆಯ ಹಾಳೆಗಳಲ್ಲಿ ಒಂದರ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇದೆ.

ಆ ಪ್ರತಿ ಈಗ ನನ್ನ ಮಗಳ ಹತ್ತಿರ ಇದೆ. ಆಕೆ ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ತಾತನ ಪೆನ್ಸಿಲಿನ ಪಕ್ಕದಲ್ಲಿ ಈಗ ನೀಲಿ ಪೆನ್ನಿನ ಅಕ್ಷರಗಳೂ ಬೀಳತೊಡಗಿವೆ. ಮೊನ್ನೆ ಆ ಪ್ರಶ್ನಾರ್ಥಕ ಚಿಹ್ನೆಯ ಪುಟವನ್ನು ತೆರೆದು ತಂದು, ‘ಇಲ್ಲಿ ತಾತನಿಗೆ ಏನು ಅನುಮಾನ ಬಂದಿತ್ತಪ್ಪಾ?’ ಎಂದು ಕೇಳಿದಳು. ಇಬ್ಬರೂ ಕೂತು ಆ ಲೇಖನವನ್ನು ಮೊದಲಿನಿಂದ ಓದಿದೆವು.